ಮಾವಯ್ಯನ ಮಂಡೆ, ಅಳಿಯನ ಟೊಪ್ಪಿ

ತಲೆತುಂಬ ಕೂದಲಿದ್ದಾಗ ನನ್ನ ತಲೆಯ ಬಗ್ಗೆ ಯಾರೂ ಮಾತಾಡಿದವರಿಲ್ಲ. ಉದುರಲು ಶುರುವಾದದ್ದೇ ತಡ, ಬ್ರಹ್ಮಾವರದಿಂದ ಬೈಂದೂರಿನ ತನಕ ಸಿಕ್ಕಿದವರಿಗೆಲ್ಲ ಅದೊಂದೇ ಸುದ್ದಿ. ದಿನಕ್ಕೊಂದು ಕತೆ ಆಗುತ್ತಲೇ ಇರುತ್ತದೆ.

ನೀರಿನ ದೋಷ

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬೈಯ ಹೋಟೆಲು ಸೇರಿದವ ನಾನು. ಇಪ್ಪತ್ತೆರಡಕ್ಕೆ ಹಣೆ ಮೇಲೇರಲು ಶುರುವಾಯಿತು. "ಇಲ್ಲಿನ ನೀರ್ ಆಗೂದಿಲ್ಲ, ಊರಿಗ್ ಹೋಗ್" ಅಂದರು ಅಡುಗೆಭಟ್ಟರು. ಊರಿಗೆ ಬಂದು ಮೀನಿನ ಬೋಟಿಗೆ ಹೋದೆ. "ಉಪ್ಪು ಗಾಳಿ ಮಾರಾಯ, ಅದ್ಕೇ" ಅಂದ ಬೋಟಿನವ. ಅದನ್ನೂ ಬಿಟ್ಟು ವಂಡ್ಸೆಯಲ್ಲಿ ಕ್ಲೀನರಾಗಿ ಲಾರಿ ಹತ್ತಿದೆ. ಡ್ರೈವರು ತಪ್ಪನ್ನು ಇಂಜಿನ್ ಬಿಸಿಯ ಮೇಲೆ ಹಾಕಿದ.

ನಾನು ಕೆಲಸ ಬಿಡುತ್ತಾ ಹೋದೆ. ಕೂದಲು ಮಾತ್ರ ಹಿಡಿದ ಕೆಲಸ ಬಿಡಲಿಲ್ಲ.

ಹಳೇ ಫೋಟೊ

ಇಪ್ಪತ್ತೇಳಾಯಿತು. ಪೂರ್ತಿ ಬೋಳಾಗುವ ಮೊದಲು ಮದುವೆ ಮಾಡಿಬಿಡಬೇಕೆಂದು ನನ್ನ ಹೆತ್ತ ಅಬ್ಬಿ ಹಠ ಹಿಡಿದರು. ಬ್ರಹ್ಮಾವರದ ಕಡೆ ಒಂದು ಮನೆಗೆ ನನ್ನ ಹಳೇ ಫೋಟೊ ಕಳಿಸಿದರು. ಹೆಣ್ಣು ನೋಡಲು ಹೋದಾಗ ಹೆಣ್ಣಿನ ಅಪ್ಪಯ್ಯ ಜಗಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು, ಬಹಳ ಮರ್ಯಾದೆಯಿಂದ ಕೇಳಿದರು:

"ಹ್ವಾಯ್, ಫೋಟೊದಗಿದ್ದ ನಿಮ್ಮ ತಮ್ಮ ಯಾವಾಗ ಬತ್ರ್?"

ಡಾಕ್ಟರು ಹೇಳಿದ್ದು

ಅಲ್ಲಿಂದ ಸೀದಾ ಕುಂದಾಪುರದ ಡಾಕ್ಟರ ಹತ್ತಿರ ಹೋದೆ. ಅವರು ಸಮಾಧಾನದಿಂದ ಹೇಳಿದರು: ಪ್ರಾಯಕ್ಕೆ ಬಂದ ಮೇಲೆ ಗಂಡಸಿನ ಹಾರ್ಮೋನು ಜೋರಾಗುತ್ತದೆ; ಕೆಲವರ ಕೂದಲಿನ ಬುಡಕ್ಕೆ ಅದು ಆಗಿಬರುವುದಿಲ್ಲ; ವರ್ಷ ಹೋದ ಹಾಗೆ ಕೂದಲು ಸಪೂರವಾಗಿ ಕೊನೆಗೆ ಬರುವುದೇ ನಿಲ್ಲುತ್ತದೆ. ಆ ಗುಣ ಹುಟ್ಟುವಾಗಲೇ ಬಂದಿರುತ್ತದೆ, ತಾಯಿ ಕಡೆಯಿಂದಲೂ ಬರಬಹುದು, ತಂದೆ ಕಡೆಯಿಂದಲೂ ಬರಬಹುದು.

"ಮನೆಲಿ ಯಾರಿಗಾರೂ ಇತ್ತಾ?"

"ಸೋದರಮಾವಯ್ಯಂದ್ ಪೂರ್ತಿ ಖಾಲಿ."

"ಹಂಗಾರೆ ಅಲ್ಲಿಂದ್ಲೇ ಬಂದಿರ್ಕ್."

ನಮ್ಮಲ್ಲಿ ಸೋದರಮಾವನ ಆಸ್ತಿ ಸೋದರಳಿಯನಿಗೆ ಎಂಬುದು ಹಿಂದಿನವರ ಕಟ್ಟುಕಟ್ಟಳೆ. ಗುಲ್ವಾಡಿಯ ಹೊಳೆಬದಿಯ ತೆಂಗಿನ ತೋಟದ ಸುದ್ದಿ ತೆಗೆದಾಗಲೆಲ್ಲ ಮಾವಯ್ಯ, "ಈಗ ಕಾನೂನ್ ಬದ್ಲಾಯ್ತ್ ಮಾಣಿ" ಅನ್ನುತ್ತಿದ್ದರು. ಆ ದಿನ ನೇರ ಅವರ ಮನೆಗೇ ಹೋದೆ.

"ಮಾವಯ್ಯ, ತೋಟ ಕೇಳ್ರೂ ಕೊಡ್ಲಿಲ್ಲ. ಇದನ್ನ್ ಕೇಳ್ದೇ ಕೊಟ್ರಿ ಅಲ್ದಾ?"

ಅವರು ತಲೆ ಸವರಿಕೊಂಡು ಹೇಳಿದರು: "ಇದ್ಕೆ ರಿಜಿಸ್ಟ್ರೇಶನ್ ಬೇಡ ಕಾಣ್."

ಯಡ್ತರೆಯ ಮನೆ

ಎರಡನೇ ಸಂಬಂಧ ಯಡ್ತರೆಯಲ್ಲಿ. "ಇದೂ ತಪ್ರೆ ನಾನ್ ಇನ್ನ್ ಯಾರ ಮನಿ ಬಾಗ್ಲಿಗೂ ಹೋಪುದಿಲ್ಲ" ಎಂದು ಅಬ್ಬಿ ಮೊದಲೇ ಹೇಳಿಬಿಟ್ಟಿದ್ದರು. ನಾನು ಟೊಪ್ಪಿ ಹಾಕಿದೆ. ಮಾತುಕತೆಗೆ ಸೋದರಮಾವ ಬೇಕೇ ಬೇಕು. ಅವರ ಮಂಡೆ ಕಂಡರೆ ನನ್ನ ಗುಟ್ಟು ಹೊರಬೀಳುತ್ತದೆಂದು ಅವರಿಗೂ ಒಂದು ಟೊಪ್ಪಿ ತೊಡಿಸಿದೆ. ಇಬ್ಬರೂ ಚಾವಡಿಯಲ್ಲಿ ಕ್ರಿಕೆಟ್ ಅಂಪೈರುಗಳ ಹಾಗೆ ಕೂತೆವು.

ಹೆಣ್ಣಿನ ಅಜ್ಜಿ ನೋಡಿದರು. "ಒಳಗೂ ಬಿಸ್ಲ್ ಇತ್ತಾ ಮಕ್ಳೇ?"

ಅಷ್ಟರಲ್ಲಿ ಕರೆಂಟು ಹೋಯಿತು. ಸೆಕೆಗೆ ಮಾವಯ್ಯ ಎಲ್ಲ ಮರೆತು, ಟೊಪ್ಪಿ ತೆಗೆದು ಗಾಳಿ ಹಾಕಿಕೊಳ್ಳತೊಡಗಿದರು. ಅಬ್ಬಿ ಕಣ್ಣು ಮುಚ್ಚಿಕೊಂಡರು.

ಅವಲಕ್ಕಿ ತಂದ ಹುಡುಗಿ ಬಾಗಿಲಲ್ಲೇ ನಿಂತಳು. ಮಾವಯ್ಯನ ಮಂಡೆ ನೋಡಿದಳು. ಆಮೇಲೆ ನನ್ನನ್ನು.

"ನೀವೂ ಟೊಪ್ಪಿ ತೆಗೂಕಾತ್ತಾ?"

ತೆಗೆದೆ. ಇನ್ನೇನು, ಎದ್ದು ಹೊರಡುವುದೇ ಸೈ ಅಂದುಕೊಂಡೆ. ಆಕೆ ಮಾತ್ರ ಮಾವಯ್ಯನ ಕಡೆಗೇ ತಿರುಗಿದಳು.

"ನಿಮ್ಮ ಕೂದ್ಲ್ ಪೂರ್ತಿ ಹೋಪತಿಗೆ ಎಷ್ಟ್ ಪ್ರಾಯ ಆಯ್ದಿತ್ತ್?"

"ಮೂವತ್ತಕ್ಕೆ ಮುಗ್ದಿತ್ತ್ ಮಗಾ."

"ಇವ್ರಿಗ್ ಈಗ?"

"ಇಪ್ಪತ್ತೇಳ್."

ಆಕೆ ಅವಲಕ್ಕಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ತನ್ನ ಅಪ್ಪಯ್ಯನಿಗೆ ಹೇಳಿದಳು:

"ಹಂಗಾರೆ ಮದಿ ಮುಹೂರ್ತ ಬೇಗ ಇಡ್ಕ್ ಅಪ್ಪಯ್ಯ. ಫೋಟೊದಗಾರೂ ನಾಕ್ ಕೂದ್ಲ್ ಇರ್ಲಿ."