ಹೆರಿಗೆ ಮುಗಿಯದ ಮನೆಯೊಡೆಯರಿಗೆ ಟೈಲರ್ ಅಕ್ಕನ ಮನವಿ

ಪರ್ಸು ಕಳೆದುಕೊಂಡ ಮಾನ್ಯರೇ,

ತಾವು, ತಮ್ಮ ಶ್ರೀಮತಿಯವರು ಮತ್ತು ಹುಟ್ಟಿದೆಯೋ ಇಲ್ಲವೋ ತಿಳಿಯದ ತಮ್ಮ ಕೂಸು ಕ್ಷೇಮವೆಂದು ನಂಬುತ್ತಾ, ಬಸ್ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು ಕೈಮುಗಿದು ಬರೆಯುವ ಪತ್ರವಿದು. ತಮ್ಮ ವಿಳಾಸ ಗೊತ್ತಿಲ್ಲದ್ದರಿಂದ ನಿಲ್ದಾಣದ ಕಂಬಕ್ಕೇ ಅಂಟಿಸಿದ್ದೇನೆ. ಓದು ಅರ್ಧಕ್ಕೇ ನಿಂತವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಳೆ ಶುರುವಾದ ಹೊಸತರಲ್ಲಿ ತಾವು ನನ್ನ ಬಾಗಿಲಿಗೆ ಬಂದು, "ಅಕ್ಕಾ, ಯಾರೋ ಪರ್ಸು ಎಗರಿಸಿಬಿಟ್ರು, ಹೆಂಡ್ತಿ ಆಸ್ಪತ್ರೇಲಿ ಹೆರಿಗೆ ನೋವು ತಿಂತಾ ಇದಾಳೆ, ಊರಿಗೆ ಹೋಗೋಕೆ ಕಾಸಿಲ್ಲ" ಎಂದು ಕಣ್ಣೊರೆಸಿಕೊಂಡಿರಿ. ಗಲ್ಲಾದಲ್ಲಿದ್ದದ್ದನ್ನು ಬಾಚಿ ಕೊಟ್ಟೆ. ಆಮೇಲೆ ಹೊಲಿಯಲು ಕೂತರೂ ಮನಸ್ಸೆಲ್ಲ ಆಸ್ಪತ್ರೆಯಲ್ಲೇ. ಮಗು ಅಡ್ಡ ತಿರುಗಿದ್ದರೆ? ಡಾಕ್ಟರು ಊಟಕ್ಕೆ ಹೋಗಿದ್ದರೆ? ಇದೇ ಯೋಚನೆಯಲ್ಲಿ ಗುಮಾಸ್ತರೊಬ್ಬರ ಪ್ಯಾಂಟಿನ ಎರಡೂ ಕಾಲುಗಳನ್ನು ಸೇರಿಸಿ ಹೊಲಿದುಬಿಟ್ಟೆ. ಗಂಡೋ ಹೆಣ್ಣೋ ತಿಳಿಯದೆ, ಯಾವುದಾದರೂ ಆಗಲೆಂದು, ತಮ್ಮ ಕೂಸಿಗೆ ಹಳದಿ ಅಂಗಿಯನ್ನೂ ಹೊಲಿದಿಟ್ಟೆ.

ಚಳಿ ಬಂದಾಗ ತಾವು ಔಷಧಿ ಅಂಗಡಿಯ ಮುಂದೆ ಅದೇ ಹೆರಿಗೆ ನೋವನ್ನು ವಿವರಿಸುತ್ತಿದ್ದಿರಿ. ಆ ತಾಯಿಗೆ ದೊಡ್ಡ ನಮಸ್ಕಾರ! ಆನೆಯಾಗಿದ್ದರೂ ಇಷ್ಟರಲ್ಲಿ ಹೆತ್ತು, ಮರಿಯನ್ನು ನಡೆಸಿಕೊಂಡು ಹೊರಟಿರುತ್ತಿತ್ತು.

ಮೊನ್ನೆ ಅದೇ ಹೆರಿಗೆ ನೋವಿನೊಂದಿಗೆ ಮತ್ತೆ ನನ್ನ ಬಾಗಿಲಿಗೇ ಬಂದಿರಿ. ತಮ್ಮ ಹೆಂಡತಿಗಾಗಿ ಇಷ್ಟು ಸೊರಗಿದ ನನ್ನ ಮುಖದ ಗುರುತೇ ತಮಗೆ ಹತ್ತಲಿಲ್ಲ. ಅದೇ ನನಗೆ ಹೆಚ್ಚು ಉರಿದದ್ದು. "ನಡೀರಿ ಅಣ್ಣಾ, ನಾನೇ ಬಂದು ಟಿಕೆಟ್ ತೆಗೆಸಿ ಕೂರಿಸ್ತೀನಿ" ಎಂದದ್ದೇ ತಡ, "ಒಂದ್ನಿಮಿಷ, ನೀರು ಕುಡಿದು ಬರ್ತೀನಿ" ಎಂದು ಹೋದ ತಾವು ಇನ್ನೂ ಕುಡಿಯುತ್ತಲೇ ಇದ್ದೀರಿ. ಪಕ್ಕದಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದ ನನ್ನ ಯಜಮಾನರು, "ಏನಮ್ಮಾ ಧರ್ಮಾತ್ಮೆ, ಬಾಣಂತಿಗೆ ಬಿಸಿನೀರು ಕಾಯಿಸ್ಲಾ?" ಎಂದು ಇವತ್ತಿಗೂ ಕೇಳುತ್ತಾರೆ.

ಕಾಸು ಹೋದರೆ ಹೋಗಲಿ, ನನ್ನ ದೂರು ಬೇರೆ. ನಿನ್ನೆ ಒಬ್ಬ ಹೆಣ್ಣುಮಗಳು ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು, ಬ್ಯಾಗು ಬಸ್ಸಿನಲ್ಲೇ ಉಳಿದು ಹೋಯಿತು ಎಂದಳು. ಅಳಲಿಲ್ಲ, ಮೂಗೂ ಎಳೆಯಲಿಲ್ಲ. ತಮ್ಮನ್ನು ನೆನೆದು ನಾನು, "ಇಂಥದ್ದೆಲ್ಲ ಬಹಳ ಕೇಳಿದೀನಿ, ಮುಂದಕ್ಕೆ ಹೋಗಮ್ಮಾ" ಎಂದು ಮಿಷನ್ನು ಜೋರಾಗಿ ತುಳಿದೆ. ಸ್ವಲ್ಪ ಹೊತ್ತಿಗೆ ಆ ಬಸ್ಸಿನ ಕಂಡಕ್ಟರು ಬ್ಯಾಗು ಹಿಡಿದು ಅವಳನ್ನು ವಿಚಾರಿಸುತ್ತಾ ಬಂದರು. ಬ್ಯಾಗು ಇಸಿದುಕೊಂಡು, ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಅವಳನ್ನು ಹುಡುಕುತ್ತಾ ಬೀದಿಯುದ್ದಕ್ಕೂ ಓಡಿದೆ. ನಲ್ಲಿಯ ಹತ್ತಿರ ಮಗುವಿನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಾ ಕೂತಿದ್ದಳು. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. "ಪರ್ವಾಗಿಲ್ಲ ಅಕ್ಕಾ, ಸುಳ್ಳು ಹೇಳ್ಕೊಂಡು ಬರೋರೂ ಇರ್ತಾರಲ್ಲ" ಎಂದಳು.

ಆದ್ದರಿಂದ ತಾವು ದಯಮಾಡಿ ಸುಳ್ಳು ಹೇಳುವಾಗಲೆಲ್ಲ ಎಡಗಿವಿ ಹಿಡಿದುಕೊಳ್ಳಬೇಕು. ಅದಾಗದಿದ್ದರೆ, ನಿಜವಾಗಿ ಕಷ್ಟಕ್ಕೆ ಸಿಕ್ಕವರನ್ನು ಕೂರಿಸಿಕೊಂಡು ತಮ್ಮ ಹಾಗೆ ಚೆಂದವಾಗಿ ಅಳುವುದನ್ನು ಕಲಿಸಬೇಕು. ಪಾಪ, ಅವರಿಗೆ ಅಭ್ಯಾಸವಿರುವುದಿಲ್ಲ.

ಇನ್ನೂ ಬಾಗಿಲು ಮುಚ್ಚದ ತಮ್ಮ ವಿಶ್ವಾಸಿ,
ಟೈಲರ್ ಅಕ್ಕ

ವಿ.ಸೂ.: ಕೊಡುವುದನ್ನು ಬಿಟ್ಟಿಲ್ಲ, ಕಾಸನ್ನು ಕೈಗೆ ಕೊಡುವುದನ್ನಷ್ಟೇ ಬಿಟ್ಟಿದ್ದೇನೆ. ಇನ್ನು ಯಾರೇ ಬಂದರೂ ನಾನೇ ಟಿಕೆಟ್ ತೆಗೆಸಿ, ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಲ್ಲುತ್ತೇನೆ. ತಾವೂ ಸಂಕೋಚವಿಲ್ಲದೆ ಬನ್ನಿ. ತಾವು ಹೇಳಿದ ಊರಿನ ಬಸ್ಸು ನಡುವೆ ಎಲ್ಲೂ ನಿಲ್ಲುವುದಿಲ್ಲವಂತೆ, ವಾಪಸು ಬರುವುದು ಮಾರನೇ ದಿನವಂತೆ. ತಮ್ಮನ್ನು ನಡುವೆ ಇಳಿಸಬೇಡಿ ಎಂದು ಕಂಡಕ್ಟರಿಗೂ ಹೇಳಿಟ್ಟಿದ್ದೇನೆ.