ಬಿಡದ ಪುಲ್ಲಿ, ಬಿಳಿ ಧೋತರ

ಸುತ್ತಿಗೆಯೇ ಇಲ್ಲದ ಗ್ಯಾರೇಜನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಎಂಟು ವರ್ಷ ಅಲ್ಲಿ ದುಡಿದಿದ್ದೇನೆ. ವಿಜಾಪುರದಲ್ಲಿ ನಮ್ಮ ಸೋದರಮಾವ ನಡೆಸುತ್ತಿದ್ದ ಗ್ಯಾರೇಜು ಅದು. ಇದ್ದ ಒಂದೇ ಒಂದು ಸುತ್ತಿಗೆಯನ್ನು ಮಾಮಾ ಮನೆಯ ಟ್ರಂಕಿನಲ್ಲಿ, ಅತ್ತೆಯ ಸೀರೆಗಳ ಕೆಳಗಿಟ್ಟು ಕೀಲಿ ಹಾಕಿದ್ದ. ತೀರಾ ಬೇಕಾದರೆ ಅತ್ತೆಯ ಮುಂದೆ ಹೋಗಿ ನಿಲ್ಲಬೇಕು. ಅತ್ತೆ ಕೇಳುವುದು ಒಂದೇ ಮಾತು: "ಯಾಕ, ಬುದ್ಧಿ ಖರ್ಚಾತೇನು?" ಆಮೇಲೆ ಸುತ್ತಿಗೆ ಬೇಡುವ ಧೈರ್ಯ ಯಾರಿಗಿರುತ್ತದೆ!

ಮಾಮಾನ ಉಡುಪಂತೂ ಇನ್ನೊಂದು ವಿಚಿತ್ರ. ಹಾಲಿನಂಥ ಬಿಳಿ ಧೋತರ ಉಟ್ಟು ಎಂಜಿನ್ ಬಿಚ್ಚುತ್ತಿದ್ದ. ನಾನು ಖಾಕಿ ಹಾಕಿಕೊಂಡೂ ಸಂಜೆಯ ಹೊತ್ತಿಗೆ ಬಾಣಲೆಯಿಂದ ಎತ್ತಿದ ಬಜ್ಜಿಯ ಹಾಗೆ ಎಣ್ಣೆ ತೊಟ್ಟಿಕ್ಕುತ್ತಿದ್ದೆ. ಅವನ ಧೋತರಕ್ಕೆ ಒಂದು ಚುಕ್ಕೆಯೂ ಇಲ್ಲ. ಹೊಸ ಗಿರಾಕಿಗಳು ಬಂದು ಅವನನ್ನೇ, "ಮೇಸ್ತ್ರಿ ಎಲ್ಲಿ ಹೋಗ್ಯಾರ್ರಿ?" ಎಂದು ಕೇಳುತ್ತಿದ್ದರು.

ಒಮ್ಮೆ ತಿಕೋಟಾದವರೊಬ್ಬರ ಲಾರಿಯ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಮಾಮಾ ಅದಕ್ಕೆ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟ, ಕೈ ತೊಳೆದ, ಬಸ್ಸು ಹತ್ತಿ ಅರಕೇರಿಗೆ ಮದುವೆಗೆ ಹೋದ! ಎರಡು ದಿನ ಬಿಟ್ಟು ಹೋಳಿಗೆ ಉಂಡ ಮುಖದಲ್ಲಿ ಬಂದು ಪಾನಾ, ಅದೇ ಸ್ಪ್ಯಾನರು, ಹಾಕಿದರೆ ಬೋಲ್ಟು ಸುಮ್ಮನೆ ತಿರುಗಿತು. ಲಾರಿಯವರಿಗೆ ಸಿಟ್ಟೋ ಸಂತೋಷವೋ ತಿಳಿಯಲಿಲ್ಲ. ಮಾಮಾ ಮಾತ್ರ, ನಾನೇನೂ ಬಿಚ್ಚಿಲ್ಲ, ಅದೇ ಮನಸ್ಸು ಮಾಡಿ ಬಿಟ್ಟಿದೆ ಎಂದ.

ಇಂಥವನ ಹತ್ತಿರ ಎಷ್ಟು ದಿನ ಇರುವುದು? ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ನನಗೆ ಇದ್ದ ಆಸ್ತಿಯೆಂದರೆ ಈ ಎರಡು ತೋಳು. ಇಸವಿ ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರಬೇಕು, ಸ್ವಂತ ಗ್ಯಾರೇಜು ಇಡುತ್ತೇನೆಂದು ಬಬಲೇಶ್ವರಕ್ಕೆ ಬಂದೆ. ಮೊದಲು ಮಾಡಿದ ಕೆಲಸ ಒಂದು ಭಾರೀ ಸುತ್ತಿಗೆ ತಂದದ್ದು!

ಅಲ್ಲಿನ ಸಾವಕಾರರೊಬ್ಬರ ಅಂಗಡಿಯ ಪಕ್ಕ, ರಸ್ತೆಗೆ ಹತ್ತಿದ ಒಳ್ಳೆಯ ಜಾಗವಿತ್ತು. ಅವರು ಆಗಷ್ಟೇ ಯಾರಿಂದಲೋ ಕೊಂಡು, ಹಸಿರು ಬಣ್ಣ ಬಳಿಸಿದ್ದ ಹಳೆಯ ಕಾರೊಂದರ ಮುಂಭಾಗದಿಂದ ಎಣ್ಣೆ ಸೋರುತ್ತಿತ್ತು. ಎಂಜಿನ್ನಿನ ಮೂತಿಯಲ್ಲಿ ಬೆಲ್ಟು ಸುತ್ತುವ ಕಬ್ಬಿಣದ ಗಾಲಿ ಇರುತ್ತದಲ್ಲ, ಆ ಪುಲ್ಲಿ ಬಿಚ್ಚಿದರೇ ಒಳಗೆ ಎಣ್ಣೆ ತಡೆಯುವ ಸೀಲು ಸಿಗುವುದು. "ಇದನ್ನ ಬಿಚ್ಚಿ ತೋರಸು, ಜಾಗಾ ನಿಂದು" ಎಂದರು ಸಾವಕಾರರು.

ಇದೇನು ಮಹಾ ಎಂದು ಕೈ ಹಾಕಿದೆ. ಪುಲ್ಲಿ ಅಲುಗಲಿಲ್ಲ. ಎಳೆಯುವ ಪುಲ್ಲರ್ ಹಾಕಿದೆ, ಅದರ ಕಾಲೇ ಬಾಗಿತು. ಸುತ್ತಿಗೆ ಎತ್ತಿದೆ, ಪುಲ್ಲಿಯ ಅಂಚಿನ ಚೂರೊಂದು ಹಾರಿ ಸಾವಕಾರರ ಚಹದ ಬಟ್ಟಲಿಗೆ ಬಿತ್ತು. ಹಿಂದೆ ಅದನ್ನು ಕೂಡಿಸಿದವನ ಏಳು ತಲೆಮಾರನ್ನು ಮೂರು ದಿನ ಬೈದೆ. "ಯಾವ ಹೆಡ್ಡ ಕೂಡಿಸ್ಯಾನೋ, ಅವಗ ಪಾನಾ ಹಿಡಿಯಾಕ ಬರೂದಿಲ್ರಿ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದೆ. ಸಾವಕಾರರು ಬಟ್ಟಲು ಬದಲಿಸಿ, "ಇವತ್ತ ಹೊತ್ತು ಮುಳುಗೂದರಾಗ ಆಗಲಿಲ್ಲಂದ್ರ ಬ್ಯಾರೇ ಮೇಸ್ತ್ರಿನ ನೋಡತೇನಿ" ಎಂದರು.

ಮೀಸೆ ಇಳಿಸಿ ಮಾಮಾನಿಗೆ ಹೇಳಿಕಳಿಸಿದೆ. ಮಧ್ಯಾಹ್ನದ ಬಸ್ಸಿಗೆ ಬಂದ, ಅದೇ ಬಿಳಿ ಧೋತರ, ಕೈಯಲ್ಲಿ ಒಂದು ಚೀಲ. ಚಪ್ಪಲಿ ಬಿಟ್ಟು ಕಾರಿನ ಮುಂದೆ ಕೂತು, ಪುಲ್ಲಿಯ ನಡುವಿನ ಸಂದಿನಲ್ಲಿ ಉಗುರು ಆಡಿಸಿದ. ಉಗುರು ಒಂದು ಕಡೆ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದ. ಎದುರಿನ ಹೋಟೆಲಿನಿಂದ ಎರಡು ಕಿಟ್ಲಿ ಕುದಿಯುವ ನೀರು ತರಿಸಿದ.

"ಜಳಕಾ ಮಾಡಸತೀರೇನ್ರಿ ಅದಕ್ಕ?" ಸಾವಕಾರರು ನಕ್ಕರು.

"ಹೌದ್ರಿ. ಹೊಡತಾ ತಿಂದು ಮೈ ಹಿಡದೈತಿ."

ಸೀಮೆಎಣ್ಣೆ ಬಿಟ್ಟ, ಬಿಸಿನೀರು ಸುರಿದ, ನೆಟ್ಟಗೆ ಮಾಡಿದ ಪುಲ್ಲರಿನ ತಿರುಪನ್ನು ಕಾಲು ಸುತ್ತು ಬಿಗಿದು ಚಹ ಕುಡಿದ. ಮತ್ತೆ ನೀರು, ಮತ್ತೆ ಕಾಲು ಸುತ್ತು, ಮತ್ತೆ ಚಹ. ನಾನು ಸೂರ್ಯನನ್ನೇ ನೋಡುತ್ತಿದ್ದೆ. ಐದನೆಯ ಚಹದ ಹೊತ್ತಿಗೆ ಪುಲ್ಲಿ 'ಟಕ್' ಎಂದು ಅವನ ಮಡಿಲಿಗೆ ಹಾಸಿದ್ದ ಗೋಣಿಚೀಲದ ಮೇಲೆ ಬಂದು ಕೂತಿತು. ಅದರ ಜೊತೆ ಬೆರಳುದ್ದದ ಒಂದು ತಗಡಿನ ಪಟ್ಟಿಯೂ ಬಿತ್ತು.

ಪಟ್ಟಿಯ ಒಂದು ತುದಿಯಲ್ಲಿ ಅರ್ಧ ಕೆಂಪು ಹೂವು ಕಾಣುತ್ತಿತ್ತು. ಅದು ನನ್ನ ಹೆಂಡತಿಯ ತಲೆಗೆ ಹಚ್ಚುವ ಎಣ್ಣೆಯ ಡಬ್ಬಿ! ಮಾಮಾ ಅರಕೇರಿಯ ಮದುವೆಗೆ ಹೋಗಿದ್ದ ಎರಡು ದಿನದಲ್ಲಿ ಬಿಳಿ ಬಣ್ಣದ ಕಾರೊಂದು ಬಂದಿತ್ತು, ಈಗ ಹಸಿರು ಬಳಿದುಕೊಂಡು ನಿಂತಿದ್ದ ಇದೇ ಕಾರು. ಸಡಿಲಾದ ಅದರ ಪುಲ್ಲಿಗೆ ಡಬ್ಬಿಯ ತಗಡು ಕತ್ತರಿಸಿ ತುರುಕಿ, ಪಕ್ಕದ ಕಮ್ಮಾರನ ಸುತ್ತಿಗೆ ತಂದು ಜಡಿದಿದ್ದೆ. ನೋಡ್ರಿ ನನ್ನ ಚಾಲಾಕಿತನ ಎಂದು ಒಳಗೊಳಗೇ ಬೀಗಿದ್ದೆ ಕೂಡ. ಮೂರು ದಿನ ನಾನು ಬೈದ ಹೆಡ್ಡ ಯಾರು ಎಂದು ಇನ್ನು ಬಿಡಿಸಿ ಹೇಳಬೇಕೇ?

ಸಾವಕಾರರು ಬಗ್ಗಿದರು. "ಏನದು? ಯಾರ ಕೆಲಸ ಇದು?"

ಮಾಮಾ ಪಟ್ಟಿಯನ್ನು ಎತ್ತಿ ಸೊಂಟದಲ್ಲಿ ಸಿಕ್ಕಿಸಿಕೊಂಡ. "ನಂದ ರೀ. ಈ ಗಾಡಿ ಹಿಂದಕ್ಕ ನನ್ನ ಗ್ಯಾರೇಜಿಗೆ ಬಂದಿತ್ತು. ಅವಸರದಾಗ ತಗಡಾ ತುರುಕಿದ್ದೆ."

"ಅಂದ್ರ ಅಳಿಯ ಮೂರು ದಿನದಿಂದ ಬಯ್ಯಾಕತ್ತಿದ್ದು ನಿಮಗ ಅನ್ನರಿ."

"ಸರೀನ ಬೈದಾನ್ರಿ. ಕೆಲಸ ಗೊತ್ತಿದ್ದವನ ಬಯ್ತಾನ. ಜಾಗಾ ಅವಗ ಕೊಡ್ರಿ."

ಸಾವಕಾರರು ಹೊಟ್ಟೆ ಹಿಡಿದು ನಕ್ಕು, ಅಲ್ಲೇ ಜಾಗದ ಬೀಗದ ಕೈ ನನ್ನ ಕೈಗಿಟ್ಟರು.

ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಬೀಗದ ಕೈ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಮಾಮಾನ ಹಿಂದೆ ನಡೆದೆ. ಬಸ್ಸು ಬಂದಾಗ ಮಾಮಾ ಕೈ ಚಾಚಿ, "ಆ ಸುತ್ತಿಗಿ ಕೊಡಿಲ್ಲೆ" ಎಂದ. ಕೊಟ್ಟೆ. ಚೀಲಕ್ಕೆ ಹಾಕಿಕೊಂಡ. "ನಿಮ್ಮತ್ತಿ ಟ್ರಂಕಿನಾಗ ಇರತೈತಿ. ಬೇಕಾದ್ರ ಬಂದು ಅಕಿನ್ನ ಕೇಳು."

ಅವನು ಬೆನ್ನು ತಿರುಗಿಸಿ ಮೆಟ್ಟಿಲು ಹತ್ತಿದ. ಆಗ ಕಂಡಿತು. ತಗಡು ಸಿಕ್ಕಿಸಿಕೊಂಡಿದ್ದ ಸೊಂಟದಿಂದ ಕೆಳಗೆ, ಆ ಬಿಳಿ ಧೋತರದ ಮೇಲೆ, ಅಂಗೈ ಅಗಲದ ಕರೀ ಎಣ್ಣೆಯ ಕಲೆ.