ತಾತನಿಗೆ ಮೂರು ಹೊದಿಕೆ

‘ಆಗಲ್ಲ’ ಎಂಬ ಒಂದು ಮಾತು ಬಾಯಿಗೆ ಬಂದಿದ್ದರೆ ಪಾಪ, ಅವನಿಗೆ ಆ ಗತಿ ಬರುತ್ತಿರಲಿಲ್ಲ. ಅದೇನು ಶಾಪವೋ, ಯಾರು ಏನು ಕೇಳಿದರೂ ಮೊದಲು ‘ಹೂಂ’ ಎಂದುಬಿಡುವನು. ಹೇಗೆ ಮಾಡುವುದೆಂದು ಆಮೇಲೆ ತಲೆ ಕೆರೆದುಕೊಳ್ಳುವನು. ಲಾಯದಲ್ಲಿ ಎಲ್ಲರೂ ಅವನನ್ನು ಹೂಂಗುಟ್ಟಪ್ಪ ಎಂದೇ ಕರೆಯುತ್ತಿದ್ದರು. ಹೆಂಡತಿ ಮಾತ್ರ ‘ರೀ’ ಎನ್ನುತ್ತಿದ್ದಳು, ಅದೂ ಕೋಪ ಇಲ್ಲದಾಗ.

ಕುದುರೆ ಸಾಕುವ ಆಸೆ ಇದ್ದು ಮನೆಯಲ್ಲಿ ಜಾಗ ಇಲ್ಲದವರೆಲ್ಲ ಸೇರಿ ಕುದುರೆ ಬಿಟ್ಟಿದ್ದ ಲಾಯ ಅದು. ಹಲ್ಲಿನ ಡಾಕ್ಟರದು ಒಂದು, ನಿವೃತ್ತ ಹೆಡ್‌ಮಿಸ್ಟ್ರೆಸ್ಸರದು ಒಂದು, ವಕೀಲರದು ಒಂದು. ನಾಲ್ಕನೆಯದು ಲಾಯದ ಒಡತಿ ದೊಡ್ಡಮ್ಮನದು. ಅದಕ್ಕೆ ಇಪ್ಪತ್ತೆಂಟು ವರ್ಷ, ಹೆಸರು ತಾತ. ನಾಲ್ಕೂ ಕಂದು ಬಣ್ಣದವು. ಯಾವುದನ್ನು ಎಷ್ಟು ಹೊತ್ತಿಗೆ ಬಯಲಿಗೆ ಬಿಡಬೇಕು, ಯಾವಾಗ ಒಳಗೆ ಕಟ್ಟಬೇಕು, ಯಾವುದರ ಪಕ್ಕ ಯಾವುದು ಬಂದರೆ ಕಚ್ಚಾಟ ಎನ್ನುವುದೆಲ್ಲ ಹೂಂಗುಟ್ಟಪ್ಪನ ತಲೆನೋವು. ಇದ್ದ ಎರಡು ಬಯಲುಗಳಲ್ಲಿ ಒಂದು ಮಳೆಗೆ ಕೊಚ್ಚೆಗುಂಡಿಯಾಗಿತ್ತು. ಇನ್ನೊಂದರಲ್ಲಿ ಹಸಿರು ಹುಲ್ಲು, ನಡುವೆ ದೊಡ್ಡ ಮರ, ಮರದ ಕೆಳಗೆ ತಾತ. ಅವನನ್ನು ಅಲ್ಲಿಂದ ಹೊರಗೆ ತಂದರೆ ಬೀದಿಗೆಲ್ಲ ಕೇಳುವಂತೆ ಕೆನೆಯುತ್ತಿದ್ದ.

ಹೂಂಗುಟ್ಟಪ್ಪ ರಜೆಯ ಮುಖ ನೋಡಿ ಮೂರು ವರ್ಷವಾಗಿತ್ತು. ಅಕ್ಕನ ಊರಿಗೆ ಹೋಗಲು ಹೆಂಡತಿ ಎರಡು ಸಲ ಬ್ಯಾಗು ತುಂಬಿ, ಎರಡು ಸಲವೂ ಬಿಚ್ಚಿದ್ದಳು. ಕೊನೆಗೆ ದೊಡ್ಡಮ್ಮನ ಮನಸ್ಸು ಕರಗಿತು.

“ಹತ್ತು ದಿನ ತಾನೇ? ಆಯ್ತು. ಆದ್ರೆ ನೀನಿಲ್ಲ ಅಂತ ನಾಳೆ ಯಾರೂ ನನ್ನ ಬಾಗಿಲಿಗೆ ಬಂದು ಜಗಳ ಆಡಬಾರ್ದು. ಮೂರೂ ಜನರ ಹತ್ರ ತಕರಾರಿಲ್ಲ ಅಂತ ಸಹಿ ಹಾಕಿಸ್ಕೊಂಡು ಬಾ. ಇವತ್ತೇ ನಾಲ್ಕು ಗಂಟೆ ಬಸ್ಸಿಗೆ ಹೊರಡು.”

ಹೆಂಡತಿ ಬ್ಯಾಗಿನ ಜಿಪ್ಪು ಎಳೆದು ಅದರ ಮೇಲೆಯೇ ಕೂತಳು. “ಈ ಸಲ ಬಿಚ್ಚೋ ಮಾತೇ ಇಲ್ಲ. ನೀವು ಬಂದ್ರೂ ಸರಿ, ಬಿಟ್ರೂ ಸರಿ, ನಾಲ್ಕು ಗಂಟೆಗೆ ನಾನು ಬಸ್ಸಲ್ಲಿರ್ತೀನಿ.”

ಆಗಿನ್ನೂ ಬೆಳಿಗ್ಗೆ ಏಳು ಗಂಟೆ. ಮೊದಲು ಹಲ್ಲಿನ ಡಾಕ್ಟರಿಗೆ ಫೋನು ಮಾಡಿದ.

“ಸಹಿಗೇನಂತೆ, ಹಾಕೋಣ. ಆದ್ರೆ ನನ್ನ ಕುದುರೆ ಇವತ್ತಾದ್ರೂ ಮರದ ಬಯಲಲ್ಲಿ ಮೇಯ್ಬೇಕು. ಒಂದೇ ಇರ್ಬೇಕು, ಜೊತೆಗೆ ಯಾವ ದರಿದ್ರವೂ ಬೇಡ. ಹತ್ತಕ್ಕೆ ಬಂದು ನೋಡ್ತೀನಿ.”

“ಹೂಂ ಸಾರ್.”

ಹೆಡ್‌ಮಿಸ್ಟ್ರೆಸ್ಸರದೂ ಅದೇ ಷರತ್ತು, ಅವರು ಹನ್ನೊಂದಕ್ಕೆ. ವಕೀಲರದೂ ಅದೇ, ಅವರು ಒಂದು ಗಂಟೆಗೆ. ಹೂಂ ಮೇಡಂ, ಹೂಂ ಸಾರ್.

ಫೋನು ಇಟ್ಟು, ತಾತನ ಹಗ್ಗ ಹಿಡಿದು ಮೆಲ್ಲಗೆ ಗೇಟಿನ ಕಡೆ ಎಳೆದ. ತಾತ ಗೇಟು ದಾಟಿ ಎರಡು ಹೆಜ್ಜೆ ಇಟ್ಟವನೇ ಆಕಾಶ ನೋಡಿ ಕೆನೆದ. ದೊಡ್ಡಮ್ಮನ ಕಿಟಕಿ ಧಡಾರನೆ ತೆರೆಯಿತು.

“ಯಾವನೋ ಅವನು, ನನ್ನ ತಾತನ್ನ ಮುಟ್ಟಿದ್ದು?”

“ನಾನೇ ಅಮ್ಮಾವ್ರೆ! ನೊಣ ಓಡಿಸ್ತಿದ್ದೆ!”

ತಾತ ಮರಳಿ ಮರದ ಕೆಳಗೆ ಹೋಗಿ ನಿಂತ. ಹೂಂಗುಟ್ಟಪ್ಪ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿ ಲಾಯದ ಬಾಗಿಲಲ್ಲಿ ಕೂತ. ಆಗ ಗೋಡೆಯ ಮೊಳೆಗಳಿಗೆ ತೂಗಿದ್ದ ಕುದುರೆಗಳ ಹೊದಿಕೆಗಳು ಕಣ್ಣಿಗೆ ಬಿದ್ದವು. ಡಾಕ್ಟರದು ಕೆಂಪು, ಹೆಡ್‌ಮಿಸ್ಟ್ರೆಸ್ಸರದು ಹಳದಿ, ವಕೀಲರದು ನೀಲಿ. ಈ ಮಹಾಶಯರು ಕುದುರೆಯನ್ನು ಗುರುತು ಹಿಡಿಯುತ್ತಿದ್ದುದೇ ಹೊದಿಕೆಯಿಂದ. ಹೋದ ತಿಂಗಳು ಒಗೆತದಲ್ಲಿ ಅದಲುಬದಲಾಗಿ, ಡಾಕ್ಟರು ಹೆಡ್‌ಮಿಸ್ಟ್ರೆಸ್ಸರ ಕುದುರೆಯನ್ನು ಅರ್ಧ ಗಂಟೆ ‘ಚಿನ್ನಾ, ಬಂಗಾರಾ’ ಎಂದು ಮುದ್ದಾಡಿ ಹೋಗಿದ್ದರು. ಹೂಂಗುಟ್ಟಪ್ಪನ ಮುಖ ಅರಳಿತು. ಮೂರು ಕುದುರೆಗಳನ್ನೂ ಒಳಗೇ ಕಟ್ಟಿ, ಬಾಗಿಲು ಹಾಕಿ, ಕೆಂಪು ಹೊದಿಕೆ ಹೆಗಲಿಗೇರಿಸಿಕೊಂಡು ಬಯಲಿಗೆ ಓಡಿದ.

ಹತ್ತಕ್ಕೆ ಡಾಕ್ಟರು ಬಂದರು. ಗೇಟಿನ ಬಳಿ ಕೆಸರು. ಅವರ ಕಾಲಲ್ಲಿ ಬಿಳಿ ಬೂಟು. ಬೇಲಿಯಾಚೆಯೇ ನಿಂತು ಚಪ್ಪಾಳೆ ತಟ್ಟಿದರು. ತಾತ ನೊಣಕ್ಕೆ ಕಿವಿ ಒದರಿದ.

“ನೋಡಿದ್ಯಾ? ನನ್ನ ದನಿ ಕೇಳಿದ್ದೇ ತಡ, ಕಿವಿ ನೆಟ್ಟಗೆ ಮಾಡ್ತು! ಮೂಕಪ್ರಾಣಿಗೂ ಯಜಮಾನ ಯಾರು ಅಂತ ಗೊತ್ತಾಗುತ್ತೆ ಕಣಯ್ಯಾ.”

“ಹೂಂ ಸಾರ್.”

ಸಹಿ ಬಿತ್ತು. ಡಾಕ್ಟರ ಕಾರು ತಿರುಗುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ಸರ ಛತ್ರಿ ಕಾಣಿಸಿತು. ಜೀವಮಾನವೆಲ್ಲ ತಡವಾಗಿ ಬಂದವರನ್ನು ಬೆಂಚಿನ ಮೇಲೆ ನಿಲ್ಲಿಸಿದವರು. ಅರ್ಧ ಗಂಟೆ ಮೊದಲೇ ಬಂದಿದ್ದರು. ಕೆಂಪನ್ನು ಬಿಚ್ಚಲು ಪುರುಸೊತ್ತಿಲ್ಲ. ಅದರ ಮೇಲೆಯೇ ಹಳದಿ ಎಳೆದ.

“ಅಬ್ಬಬ್ಬಾ, ಒಂದು ವಾರದಲ್ಲಿ ಎಷ್ಟು ದಪ್ಪ ಆಗಿದೆ!” ಎಂದರು ಹೆಡ್‌ಮಿಸ್ಟ್ರೆಸ್ಸು ಬೇಲಿಯಾಚೆಯಿಂದ.

“ಎಲ್ಲ ಮರದ ಬಯಲಿನ ಹುಲ್ಲಿನ ಮಹಿಮೆ ಮೇಡಂ.”

ಅವರ ದನಿ ಗುರುತು ಹಿಡಿದು ಒಳಗಿಂದ ಅವರದೇ ಕುದುರೆ ಕೆನೆಯಿತು.

“ಯಾರದ್ರೀ ಅದು, ಶಿಸ್ತಿಲ್ಲದ್ದು?”

“ವಕೀಲರದು ಮೇಡಂ.”

“ಇನ್ನೇನು ಮತ್ತೆ,” ಎಂದು ಅವರು ದುಂಡಗೆ ಸಹಿ ಹಾಕಿದರು. ಅಷ್ಟರಲ್ಲಿ ಬೇಲಿಯ ಮೇಲೆ ಕನ್ನಡಕ ಬಿಟ್ಟುಹೋಗಿದ್ದ ಡಾಕ್ಟರು ವಾಪಸು ಬರುವುದು ಕಂಡಿತು. ಹೂಂಗುಟ್ಟಪ್ಪ ಹೆಡ್‌ಮಿಸ್ಟ್ರೆಸ್ಸರನ್ನು ಹಿಂದಿನ ಗೇಟಿನಿಂದ ಸಾಗಹಾಕಿ, ಮೊಣಕಾಲುದ್ದ ಕೆಸರು ತುಳಿದು ಹಳದಿಯನ್ನು ಕಿತ್ತು ಅದರ ಮೇಲೆ ತಾನೇ ಕೂತ. ತಾತ ಬೆವೆತಿದ್ದ, ಅವನಿಗಿಂತ ಹೆಚ್ಚು ಇವನು ಬೆವೆತಿದ್ದ.

ಒಂದು ಗಂಟೆಗೆ ವಕೀಲರು ಬರುವಷ್ಟರಲ್ಲಿ ತಾತನ ಮೈಮೇಲೆ ನೀಲಿ ಹೊದಿಕೆ ಏರಿತ್ತು. ಒಂದು ವಾಕ್ಯಕ್ಕೆ ಮೂರು ತಿದ್ದುಪಡಿ ಹಾಕುವ ಮನುಷ್ಯ, ಇವತ್ತು ಕಾಗದವನ್ನು ಓದಲೂ ಇಲ್ಲ. ಸರ್ರನೆ ಸಹಿ ಎಳೆದು ಕೇಳಿದರು: “ಆ ನೀಲಿ ಹೊದಿಕೆಯದೇ ನನ್ನದು, ಅಲ್ವಾ?”

“ಹೂಂ ಸಾರ್.”

“ಸಂಜೆವರೆಗೂ ಅಲ್ಲೇ ಇರ್ಲಿ. ಹೊದಿಕೆ ತೆಗೀಬೇಡ, ಗಾಳಿ ಇದೆ.”

“ಹೂಂ ಸಾರ್.”

ಮೂರು ಸಹಿ! ಹೂಂಗುಟ್ಟಪ್ಪ ಕಾಗದಕ್ಕೆ ಮುತ್ತಿಟ್ಟು ಕೆಸರು ತೊಳೆಯಲು ಬಚ್ಚಲಿಗೆ ಹೋದ. ದೊಡ್ಡಮ್ಮ ಕಿವಿಯ ಯಂತ್ರ ತೆಗೆದಿಟ್ಟು ಮಧ್ಯಾಹ್ನದ ನಿದ್ದೆಗೆ ಮಲಗಿದ್ದರು. ಮೈಗೆ ಸೋಪು ಹಚ್ಚುತ್ತಿರುವಾಗ ತಾತ ಕೆನೆದಿದ್ದು ಕೇಳಿಸಿತು. ಮತ್ತೊಮ್ಮೆ ಕೆನೆದ, ಆಮೇಲೆ ಇನ್ನಷ್ಟು ದೂರದಿಂದ. ಮೂರು ವರ್ಷದಲ್ಲಿ ಮೊದಲ ಸಲ ಹೂಂಗುಟ್ಟಪ್ಪ ಓಡಲಿಲ್ಲ. “ಕೂಗ್ಕೋ ಹೋಗಪ್ಪಾ, ನಾನು ರಜದಲ್ಲಿದೀನಿ,” ಎಂದು ಇನ್ನೊಂದು ಚೊಂಬು ಬಿಸಿನೀರು ಸುರಿದುಕೊಂಡ.

ಮೂರೂವರೆಗೆ ಇಸ್ತ್ರಿ ಅಂಗಿ ತೊಟ್ಟು ದೊಡ್ಡಮ್ಮನ ಮುಂದೆ ನಿಂತ. ಅವರು ಸಹಿಗಳನ್ನು ನೋಡಿ ಬೆರಗಾದರು.

“ಭಲೇ! ಹೋಗಿ ಬಾಪ್ಪಾ. ನಡಿ, ಹೊರಡೋ ಮುಂಚೆ ತಾತನಿಗೆ ಒಂದು ಕ್ಯಾರೆಟ್ ಕೊಟ್ಟು ಬರೋಣ.”

ಬಯಲಲ್ಲಿ ಮರ ಇತ್ತು. ಹುಲ್ಲು ಇತ್ತು. ತಾತ ಇರಲಿಲ್ಲ. ಕೆಸರಿನಲ್ಲಿ ಲಾರಿಯ ಗಾಲಿಯ ಗುರುತು, ಗೇಟಿಗೆ ಸಿಕ್ಕಿಸಿದ ವಕೀಲರ ಚೀಟಿ: ‘ನನ್ನ ಕುದುರೆಯನ್ನು ಭಾವಮೈದುನನ ತೋಟಕ್ಕೆ ಕಳಿಸಿಕೊಂಡಿದ್ದೇನೆ. ಇಂದಿಗೆ ನಿಮ್ಮ ಲಾಯದ ಸಹವಾಸ ಮುಗಿಯಿತು.’

ದೊಡ್ಡಮ್ಮ ಅಲ್ಲಿಂದಲೇ ಫೋನು ಹಚ್ಚಿದರು. ವಕೀಲರ ದನಿ ಬೇಲಿಯಾಚೆಗೂ ಕೇಳುತ್ತಿತ್ತು. “ಮರದ ಬಯಲು, ನೀಲಿ ಹೊದಿಕೆ. ಡ್ರೈವರಿಗೆ ನಾನು ಹೇಳಿದ್ದು ಅಷ್ಟೇ. ಅದು ನನ್ನದೇ ಅಂತ ನಿಮ್ಮವನೇ ಹೂಂ ಅಂದಿದಾನೆ!” ಅದೇ ಹೊತ್ತಿಗೆ ವಕೀಲರ ಅಸಲಿ ಕುದುರೆ ಒಳಗಿಂದ ಬಾಗಿಲು ಒದ್ದಿತು.

ಹೂಂಗುಟ್ಟಪ್ಪ ಎಲ್ಲವನ್ನೂ ಒಪ್ಪಿಕೊಂಡ. ಅಳು ತಡೆಯಲಾಗಲಿಲ್ಲ. “ತಪ್ಪಾಯ್ತು ಅಮ್ಮಾವ್ರೆ. ಬೇಕಾದ್ರೆ ಕೆಲಸದಿಂದ ತೆಗೆದುಬಿಡಿ.”

“ತೆಗೆದ್ರೆ ತಾತನ್ನ ಯಾರು ತರ್ತಾರೆ, ನಿಮ್ಮಪ್ಪನಾ?” ಎಂದರು ದೊಡ್ಡಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಂಡು. “ಈ ವಯಸ್ಸಲ್ಲಿ ಅವನನ್ನ ಮತ್ತೆ ಲಾರಿ ಹತ್ತಿಸಕೂಡದು. ನಡೆಸ್ಕೊಂಡೇ ಬಾ. ಬಿಸಿಲೇರಿದಾಗ ನೆರಳಲ್ಲಿ ನಿಲ್ಲಿಸಿ, ಹುಲ್ಲು ಕಂಡಲ್ಲಿ ಮೇಯಿಸಿ, ನಿಧಾನಕ್ಕೆ. ಎಷ್ಟು ದಿನ ರಜ ಕೇಳಿದ್ದೆ?”

“ಹತ್ತು.”

“ಸರಿಹೋಯ್ತು. ಹೋಗೋದು ಬರೋದು ಅಷ್ಟೇ ಆಗುತ್ತೆ. ಕೊಟ್ಟ ಮಾತಿಗೆ ತಪ್ಪೋಳಲ್ಲ ನಾನು. ರಜ ಮಂಜೂರು.”

ನಾಲ್ಕು ಗಂಟೆ ಬಸ್ಸು ಆ ತೋಟದ ಮುಂದೆಯೇ ಹೋಗುತ್ತಿತ್ತು. ಅಕ್ಕನ ಊರಿಗೆ ಇನ್ನು ಮೂರೇ ನಿಲ್ದಾಣ ಇದ್ದಾಗ ಹೂಂಗುಟ್ಟಪ್ಪ ಎದ್ದು ಇಳಿದ. ಹೆಂಡತಿ ಅವನ ಸೀಟಿನ ಮೇಲೆ ಬ್ಯಾಗು ಇಟ್ಟುಕೊಂಡಳು.

ಒಂಬತ್ತನೆಯ ದಿನ ಒಂದು ಸೇತುವೆಯ ಹತ್ತಿರ ವಾಪಸು ಬರುವ ಬಸ್ಸು ಅವನ ಪಕ್ಕ ನಿಧಾನವಾಯಿತು. ಚಪ್ಪಲಿ ಸವೆದಿತ್ತು, ಇಸ್ತ್ರಿ ಅಂಗಿಗೆ ಬಣ್ಣವೇ ಉಳಿದಿರಲಿಲ್ಲ. ತಾತ ಮಾತ್ರ ನೀಲಿ ಹೊದಿಕೆ ಹೊದ್ದು ಮದುಮಗನ ಹಾಗೆ ನಡೆಯುತ್ತಿದ್ದ. ಕಿಟಕಿಯಿಂದ ಹೆಂಡತಿ ತಲೆ ಹೊರಗೆ ಹಾಕಿದಳು. ಒಂಬತ್ತು ದಿನದ ನಿದ್ದೆಗೆ ಮುಖ ತುಂಬಿಕೊಂಡಿತ್ತು.

“ರೀ! ಅಕ್ಕ ತುಂಬ ಕೇಳಿದ್ಲು ನಿಮ್ಮನ್ನ. ಭಾವನೂ ಒಂದು ಕುದುರೆ ತಗೊಂಡಿದಾರೆ, ನಮ್ಮ ಲಾಯದಲ್ಲೇ ಬಿಡ್ತಾರಂತೆ. ಕಂದು ಬಣ್ಣದ್ದು. ಮರದ ಬಯಲಲ್ಲೇ ಮೇಯಿಸ್ತೀರಿ ಅಂತ ನಾನು ಮಾತು ಕೊಟ್ಟುಬಿಟ್ಟಿದೀನಿ. ಆಗುತ್ತೆ ತಾನೇ?”

ಹೂಂಗುಟ್ಟಪ್ಪ ರಸ್ತೆಯ ನಡುವೆ ನಿಂತ. ಒಂಬತ್ತು ದಿನವೂ ದಾರಿಯುದ್ದಕ್ಕೂ ತಾತನ ಮುಂದೆ ‘ಆಗಲ್ಲ, ಆಗಲ್ಲ’ ಎಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಎದೆಯುಬ್ಬಿಸಿ, ಉಸಿರೆಳೆದು, ಬಾಯಿ ತೆರೆದ.

“ಹೂಂ,” ಎಂದ.